ಸನ್ನತಿಗೆ ಒಂದು ದಿನ

ಬೌದ್ಧರ ಗುಹೆ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಅಜಂತಾ, ಇಲ್ಲವೆ ಎಲ್ಲೋರಾ. ನಮ್ಮ ಭಾಗದ ಹಿರಿಯರಿಗಂತೂ ಅಜಂತಾ ಹೊರಗಿನದಲ್ಲ. 1956ರವರೆಗೆ ಔರಂಗಾಬಾದ ಜಿಲ್ಲೆಯೂ ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. 1914ರಲ್ಲಿ ನಿಜಾಮರ ಸರ್ಕಾರ ಪುರಾತತ್ವ ಇಲಾಖೆಯನ್ನು ತೆರೆದು ಗುಲಾಮ್ ಯಜ್ದಾನಿಯವರಿಗೆ ಒಪ್ಪಿಸಿತು. ಅಜಂತಾದ ಚಿತ್ರಗಳನ್ನು ಉಳಿಸಲು ಇಟಲಿಯಿಂದ ತಜ್ಞರನ್ನು ಕರೆಸಿತು. ಆದರೆ ನಾರಾಯಣಪೇಟೆಯಿಂದ ಬೆಳಿಗ್ಗೆ ಹೊರಟು ಅಜಂತಾ ನೋಡಿ ರಾತ್ರಿ ಮನೆ ಸೇರುವುದು ಆಗದ ಮಾತು.

ಹಾಗಾದರೆ ಬುತ್ತಿ ಕಟ್ಟಿಕೊಂಡು ಒಂದೇ ದಿನದಲ್ಲಿ ಹೋಗಿಬರಬಹುದಾದ ಬೌದ್ಧರ ಸ್ಥಳ ನಮಗೆ ಹತ್ತಿರದಲ್ಲಿ ಇಲ್ಲವೇ? ಇದೆ. ಯಾದಗಿರಿಯ ದಾರಿ ಹಿಡಿಯಿರಿ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಎಡದಂಡೆಯ ಮೇಲೆ ಸನ್ನತಿ ಇದೆ. ರೈಲಿನಲ್ಲಿ ಹೋಗುವವರಿಗೆ ವಾಡಿ ಮಾರ್ಗದ ನಾಲವಾರ ಹತ್ತಿರದ ಸ್ಟೇಷನ್ನು. ಸನ್ನತಿಯ ಹೆಸರು ನಿಮಗೆ ಹೊಸದಲ್ಲ. ಚಂದ್ರಲಾ ಪರಮೇಶ್ವರಿ ಎಷ್ಟೋ ಮನೆತನಗಳ ಕುಲದೇವತೆ. ಆದರೆ ದೇವಿಗೆ ಉಡಿ ತುಂಬಿ ಹಿಂದಿರುಗುವವರಲ್ಲಿ ಎಷ್ಟು ಜನ ಪಕ್ಕದ ಕನಗನಹಳ್ಳಿಗೆ ಹೋಗಿದ್ದಾರೆ?

ಮೊದಲೇ ಹೇಳಿಬಿಡುವೆ: ಅಲ್ಲಿ ಗುಹೆ ಇಲ್ಲ. ಅಲ್ಲಿರುವುದು ಸ್ತೂಪ. ಗುಹೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕಾಲ ಕೆಳಗೇ ಇದೆ.

ಅಜಂತಾದ ಬೆಟ್ಟ ಕಪ್ಪುಶಿಲೆಯದು. ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾರಸ ಪದರ ಪದರವಾಗಿ ಗಟ್ಟಿಯಾಗಿ ಆದ ಶಿಲೆ ಅದು. ವಾಗುರಾ ಹೊಳೆ ಅದನ್ನು ಕೊರೆದು ನೆಟ್ಟಗೆ ಗೋಡೆಯಂತೆ ನಿಲ್ಲಿಸಿತು. ಅಂಥ ಗೋಡೆಗೆ ಉಳಿ ಹಾಕಿ ಒಳಗೆ ಕೊರೆಯುತ್ತ ಹೋದರೆ ಭಿಕ್ಷುಗಳಿಗೆ ಮಳೆಗಾಲ ಕಳೆಯಲು ವಿಹಾರ ಸಿದ್ಧ. ನಮ್ಮ ಮಕ್ತಲ್, ಗದ್ವಾಲ ಕಡೆಯದು ಕರಿಗಲ್ಲು, ದುಂಡು ದುಂಡಾದ ಗುಂಡುಗಳ ಗುಡ್ಡಗಳು. ಈ ಜಾತಿಯ ಕಲ್ಲನ್ನು ಕೊರೆಯಲೇ ಆಗದೆಂದಲ್ಲ. ಬಿಹಾರದ ಬರಾಬರ್ ಗುಡ್ಡದಲ್ಲಿ ಅಶೋಕನ ಕಾಲದಲ್ಲೇ ಆಜೀವಿಕರಿಗಾಗಿ ಗುಹೆಗಳನ್ನು ಕೊರೆದು ಕನ್ನಡಿಯಂತೆ ನಯ ಮಾಡಿದ್ದಾರೆ. ಆದರೆ ಅದು ಬಹಳ ಶ್ರಮದ ಕೆಲಸ. ಇನ್ನು ಸನ್ನತಿಯ ನೆಲ ಸುಣ್ಣಕಲ್ಲಿನದು. ನಿಮ್ಮ ಮನೆಯ ಅಂಗಳಕ್ಕೆ ಹಾಸಿದ ಶಹಾಬಾದ ಫರಸಿ ಇದೆಯಲ್ಲ, ಅದೇ ಜಾತಿಯ ಕಲ್ಲು. ಅದು ಗೋಡೆಯಾಗಿ ನಿಲ್ಲುವುದಿಲ್ಲ, ಚಪ್ಪಡಿಯಾಗಿ ಏಳುತ್ತದೆ. ಒಳಗೆ ಕೊರೆಯುವ ಬದಲು ಇಲ್ಲಿಯ ಕಲ್ಲುಕುಟಿಗರು ಚಪ್ಪಡಿಗಳನ್ನು ಎಬ್ಬಿಸಿ, ಕೆತ್ತಿ, ಸ್ತೂಪದ ಸುತ್ತ ಹೊದಿಸಿದರು.

ಎರಡೂ ವಿಧಾನ ಒಂದೆಡೆ ನೋಡಬೇಕೆಂದರೆ ಐಹೊಳೆಗೆ ಹೋಗಬೇಕು. ಅಲ್ಲಿಯ ಮೇಗುತಿ ಗುಡ್ಡದ ಇಳಿಜಾರಿನಲ್ಲಿ ಮರಳುಗಲ್ಲಿನ ಎರಡಂತಸ್ತಿನ ಬೌದ್ಧ ಚೈತ್ಯವಿದೆ. ಹಿಂಭಾಗ ಬಂಡೆಯಲ್ಲಿ ಕೊರೆದದ್ದು, ಮುಂಭಾಗ ಕಟ್ಟಿದ್ದು.

ಸನ್ನತಿಯ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು, 1954ರಲ್ಲಿ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಎರಡೂ ಮಗ್ಗುಲಲ್ಲಿ ಬ್ರಾಹ್ಮೀ ಅಕ್ಷರ! ಅದು ಅಶೋಕನ ಶಾಸನವಾಗಿತ್ತು. ಮೂರ್ತಿಯನ್ನು ನಿಲ್ಲಿಸಲು ನಡುವೆ ತೂತು ಕೊರೆದದ್ದರಿಂದ ಕೆಲವು ಸಾಲು ಹಾಳಾಗಿದ್ದವು. ಆದರೆ ಪೀಠವಾಗಿದ್ದರಿಂದಲೇ ಆ ಕಲ್ಲು ಅಷ್ಟು ಕಾಲ ಗುಡಿಯೊಳಗೆ ಉಳಿಯಿತು ಎಂಬುದನ್ನೂ ಮರೆಯಬಾರದು.

ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಹುಟ್ಟುಬಂಡೆಯ ಮೇಲಿದೆ. ಸನ್ನತಿಯದು ಚಪ್ಪಡಿಯ ಮೇಲೆ. ಚಕ್ರವರ್ತಿಯ ಆಜ್ಞೆ ಕೂಡ ಊರಿನ ಕಲ್ಲು ಹೇಗಿದೆಯೋ ಹಾಗೆ ಹೊಂದಿಕೊಳ್ಳಬೇಕಾಯಿತು, ನೋಡಿ. ಈ ಚಪ್ಪಡಿಯ ಒಂದು ಮಗ್ಗುಲಲ್ಲಿ 12 ಮತ್ತು 14ನೆಯ ಶಾಸನಗಳಿವೆ. ಇನ್ನೊಂದರಲ್ಲಿ ಅಲ್ಲಿಯವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳಿವೆ. ಪ್ರಜೆಗಳೆಲ್ಲ ತನಗೆ ಮಕ್ಕಳಂತೆ ಎಂದು ಅಶೋಕ ಅಧಿಕಾರಿಗಳಿಗೆ ತಿಳಿಸುವುದು ಇವುಗಳಲ್ಲೇ.

1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕನಗನಹಳ್ಳಿಯ ದಿಬ್ಬವನ್ನು ಅಗೆಯಿತು. ಕುಸಿದು ಮಲಗಿದ್ದ ಮಹಾಸ್ತೂಪ ಹೊರಬಂತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಜಾತಕ ಕಥೆಗಳ ಚಪ್ಪಡಿಗಳು, ಶಾತವಾಹನ ಅರಸರ ಚಿತ್ರಗಳು, ದಾನ ಕೊಟ್ಟವರ ಹೆಸರುಗಳು ಸಿಕ್ಕವು. ಒಂದು ಚಪ್ಪಡಿಯಲ್ಲಿ ರಾಣಿ ಮತ್ತು ಸೇವಕಿಯರೊಡನೆ ಒಬ್ಬ ರಾಜ ನಿಂತಿದ್ದಾನೆ. ಜೊತೆಗೆ 'ರಾಯ ಅಸೋಕೋ' ಎಂದು ಕೊರೆದಿದೆ. ಅವನು ತೀರಿ ಶತಮಾನಗಳು ಕಳೆದ ಮೇಲೂ ಭೀಮೆಯ ದಂಡೆಯ ಜನ ಅವನ ಹೆಸರನ್ನು ನೆನಪಿಟ್ಟಿದ್ದರು. ಈ ಕಲ್ಲುಗಳು ಬಹಳ ವರ್ಷ ಬಿಸಿಲುಮಳೆಗೆ ಬಯಲಲ್ಲೇ ಬಿದ್ದಿದ್ದವು. ಈಚೆಗೆ ಅವನ್ನು ಮತ್ತೆ ಜೋಡಿಸುವ ಕೆಲಸವನ್ನು ಇಲಾಖೆ ಕೈಗೆತ್ತಿಕೊಂಡಿದೆ.

ಸನ್ನತಿ ಗಡಿಯಾಚೆಯದು, ನಮಗೇನು ಎನ್ನುವಿರಾ? 1956ರಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರೆಯಾದವು. ಗುಲ್ಬರ್ಗಾದಿಂದ ಕೊಡಂಗಲ್, ತಾಂಡೂರು ಬೇರೆಯಾದವು. ಭೀಮೆಗೆ ಆ ಗೆರೆ ಗೊತ್ತಿಲ್ಲ. ಸನ್ನತಿಯನ್ನು ದಾಟಿದ ಅದೇ ನೀರು ನಮ್ಮ ಮಕ್ತಲ್ ಕಡೆಯ ತಂಗಿಡಿಯ ಬಳಿ ಕೃಷ್ಣೆಯನ್ನು ಕೂಡಿ, ಗದ್ವಾಲದ ಹತ್ತಿರದ ಜೂರಾಲ ಹಾದು, ನಾಗಾರ್ಜುನಕೊಂಡ, ಅಮರಾವತಿಗಳ ಕಡೆಗೆ ಹರಿಯುತ್ತದೆ. ಅಲ್ಲಿಯ ಸ್ತೂಪಗಳಿಗೂ ಹೊದಿಸಿದ್ದು ಸುಣ್ಣಕಲ್ಲಿನ ಚಪ್ಪಡಿಯನ್ನೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಮಗೆ ಇನ್ನೊಂದು ನಂಟೂ ಇದೆ. ಸನ್ನತಿಯ ಚಪ್ಪಡಿಯ ಬ್ರಾಹ್ಮೀ ಲಿಪಿಯೇ ಮುಂದೆ ಬೆಳೆದು ಕನ್ನಡಕ್ಕೂ ತೆಲುಗಿಗೂ ಅಕ್ಷರವಾಯಿತು.

ಆದುದರಿಂದ ಮುಂದಿನ ಸಲ ದೇವಿಯ ದರ್ಶನಕ್ಕೆ ಹೋದಾಗ ಇನ್ನೊಂದು ಗಂಟೆ ಇಟ್ಟುಕೊಳ್ಳಿ, ಮಕ್ಕಳನ್ನು ಕನಗನಹಳ್ಳಿಗೆ ಕರೆದೊಯ್ಯಿರಿ. ನಿಮ್ಮ ಊರ ಗುಡಿಯ ಮೆಟ್ಟಿಲಲ್ಲಿ, ಬಾವಿಯ ಕಟ್ಟೆಯಲ್ಲಿ ಅಕ್ಷರವಿದ್ದ ಕಲ್ಲು ಕಂಡರೆ ಅದನ್ನು ಕೀಳಬೇಡಿ, ಬಣ್ಣ ಬಳಿಯಬೇಡಿ, ಬಲ್ಲವರಿಗೆ ತಿಳಿಸಿರಿ. ಸನ್ನತಿಯ ಆ ಹನ್ನೆರಡನೆಯ ಶಾಸನ ಹೇಳುವುದು ಇಷ್ಟೇ: ನಿನ್ನ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರದನ್ನು ಹೀಗಳೆಯಬೇಡ, ಅವರ ಮಾತನ್ನೂ ಕೇಳು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ಮಾತು ಸುಲಭವಾಗಿ ಅರ್ಥವಾದೀತು.