ಸುಳ್ಳು ಹೇಳದ ಪೆಟ್ಟಿಗೆ

ಸೀರೆ ಕೊಳ್ಳುವಾಗ ನಮ್ಮ ಹೆಂಗಸರಿಗೆ ಒಂದು ಅಭ್ಯಾಸವಿದೆ. ಅಂಗಡಿಯ ದೀಪಗಳ ಕೆಳಗೆ ಬಣ್ಣ ಎಷ್ಟೇ ಚೆಂದ ಕಂಡರೂ ಸೆರಗನ್ನು ಬಾಗಿಲ ಬಳಿಗೆ ತಂದು, ಹಗಲು ಬೆಳಕಿನಲ್ಲಿ ಒಮ್ಮೆ ಹಿಡಿದು ನೋಡುತ್ತೇವೆ. ದೀಪದ ಬೆಳಕಿಗೆ ಮರುಳಾದರೆ ಮನೆಗೆ ಬಂದ ಮೇಲೆ ಪರಿತಪಿಸಬೇಕೆಂದು ನಮಗೆ ಗೊತ್ತು. ಹಾಡನ್ನು ಧ್ವನಿಮುದ್ರಿಸುವವರಿಗೂ ಇಂಥದೇ ಒಂದು ಹಗಲು ಬೆಳಕು ಬೇಕು. ಅದರ ಹೆಸರು ಮಾನಿಟರ್ ಸ್ಪೀಕರ್.

ನಮ್ಮ ಶಾಲೆಯ ತರಗತಿಗಳಲ್ಲೂ ಮಾನಿಟರ್ ಇರುತ್ತಾರಲ್ಲ, ಮೇಷ್ಟ್ರಿಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವರು! ಈ ಪೆಟ್ಟಿಗೆಯ ಕೆಲಸವೂ ಹೆಚ್ಚುಕಡಿಮೆ ಅದೇ. ಮನೆಯಲ್ಲಿ ಹಾಡು ಕೇಳಲು ಇಟ್ಟುಕೊಳ್ಳುವ ಸ್ಪೀಕರು ನಮ್ಮನ್ನು ಖುಷಿಪಡಿಸಲು ಮಂದ್ರವನ್ನು ಸ್ವಲ್ಪ ಉಬ್ಬಿಸುತ್ತದೆ, ತಾರವನ್ನು ಸ್ವಲ್ಪ ಮಿನುಗಿಸುತ್ತದೆ. ಕೇಳುವವರಿಗೆ ಅದರಿಂದ ನಷ್ಟವಿಲ್ಲ. ಆದರೆ ಮುದ್ರಿಸುವವರು ಅದನ್ನೇ ನಂಬಿದರೆ ಎಡವಟ್ಟಾಗುತ್ತದೆ. ಮಂದ್ರ ಹೆಚ್ಚಾಯಿತೆಂದು ಅವರು ಕಡಿಮೆ ಮಾಡಿದರೆ, ಬೇರೆಯವರ ಮನೆಯ ರೇಡಿಯೋದಲ್ಲಿ ಅದೇ ದನಿ ನೀರು ಬೆರೆಸಿದ ಮಜ್ಜಿಗೆಯಂತೆ ಕೇಳಿಸುತ್ತದೆ. ಆದ್ದರಿಂದ ಇದ್ದುದನ್ನು ಇದ್ದ ಹಾಗೆ ಹೇಳುವ ಪೆಟ್ಟಿಗೆ ಬೇಕು. ಇಂಥ ಪೆಟ್ಟಿಗೆ ದುಬಾರಿಯಾಗಿಯೇ ಇರಬೇಕೆ? ನಾನು ಪಾಠ ಮಾಡುವುದು ಇತಿಹಾಸ. ಉತ್ತರವನ್ನೂ ಅಲ್ಲೇ ಹುಡುಕಿದೆ.

ಮೊದಮೊದಲು ಇಂಥ ಪೆಟ್ಟಿಗೆಯೇ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದಾಗ ಆಕೆಯ ಎದುರಿಗಿದ್ದದ್ದು ಒಂದು ಕೊಳವೆ. ಆ ಕೊಳವೆಯೊಳಗೆ ಹಾಡಿದ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಹೇಗೆ ಬಂದಿದೆಯೆಂದು ಅಲ್ಲೇ ನುಡಿಸಿ ಕೇಳಿದರೆ ಮೆದು ಮೇಣದ ಗೆರೆಗಳು ಕೆಡುತ್ತಿದ್ದವು. ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಅಚ್ಚಾಗಿ ಮರಳಿ ಬರಬೇಕಿತ್ತು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದ್ದೂ ಆ ತಟ್ಟೆಗಳಲ್ಲಿ ಉಳಿದಿದೆ. ಅಷ್ಟು ದೊಡ್ಡ ಗಾಯಕಿಗೂ ತನ್ನ ದನಿ ಹೇಗೆ ಬಂದಿದೆಯೆಂದು ಹಾಡಿದ ಕೂಡಲೇ ತಿಳಿಯುವ ಭಾಗ್ಯವಿರಲಿಲ್ಲ.

1925ರ ಸುಮಾರಿಗೆ ವಿದ್ಯುತ್ತಿನ ಧ್ವನಿಮುದ್ರಣ ಬಂತು. ಕೊಳವೆಯ ಜಾಗದಲ್ಲಿ ಮೈಕು ನಿಂತಿತು. ಅದರ ಕ್ಷೀಣ ಸಂಕೇತವನ್ನು ದೊಡ್ಡದು ಮಾಡಲು ಆಂಪ್ಲಿಫೈಯರು ಬಂತು. ಇಂದು ನಾವು ಬಳಸುವ ಬಗೆಯ ಧ್ವನಿವರ್ಧಕವನ್ನು ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಎಂಜಿನಿಯರುಗಳು ಲೋಕಕ್ಕೆ ಪರಿಚಯಿಸಿದ್ದೂ ಅದೇ ಹೊತ್ತಿಗೆ. ಹಾಡುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಕುಳಿತು ಕೇಳುವುದು ಆಗ ಸಾಧ್ಯವಾಯಿತು. 1940ರ ದಶಕದಲ್ಲಿ ಅಮೆರಿಕದ ಸ್ಟುಡಿಯೋಗಳಿಗೆ ಆಲ್ಟೆಕ್ ಕಂಪನಿಯ 15 ಇಂಚಿನ ದೊಡ್ಡ ಸ್ಪೀಕರುಗಳು ಬಂದವು. ಅವು ಬೀರುವಿನಂಥ ಪೆಟ್ಟಿಗೆಗಳಲ್ಲಿ ಕೂರುವಂಥವು. ನಮ್ಮ ನಿಮ್ಮ ನಡುಮನೆಗೆ ಒಗ್ಗುವ ಮಾತಲ್ಲ.

ಪೆಟ್ಟಿಗೆಯನ್ನು ಚಿಕ್ಕದು ಮಾಡಿದ ಕೀರ್ತಿಯಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಗೆ ದೊಡ್ಡ ಪಾಲಿದೆ. ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ಜಾಗ ಇಕ್ಕಟ್ಟು. ಅದಕ್ಕೆಂದೇ 1970ರ ದಶಕದ ಮೊದಲಲ್ಲಿ ಅಲ್ಲಿನ ಎಂಜಿನಿಯರುಗಳು ಎಲ್.ಎಸ್. 3/5ಎ ಎಂಬ ಸ್ಪೀಕರನ್ನು ರೂಪಿಸಿದರು. ಅದರ ಎತ್ತರ ಸುಮಾರು 30 ಸೆಂಟಿಮೀಟರ್ ಮಾತ್ರ. ಅವರು ಪರೀಕ್ಷೆ ಮಾಡುತ್ತಿದ್ದ ರೀತಿ ನನಗೆ ತುಂಬ ಹಿಡಿಸಿತು. ಅಳತೆಯ ಯಂತ್ರಗಳಿದ್ದರೂ ಮನುಷ್ಯನ ಮಾತಿನ ದನಿಗೆ ಅವರು ಬಹಳ ಬೆಲೆ ಕೊಟ್ಟರು. ಗೊತ್ತಿರುವ ಒಬ್ಬರು ಮಾತಾಡುವುದನ್ನು ನೇರವಾಗಿ ಕೇಳುವುದು, ಅದೇ ಮಾತು ಸ್ಪೀಕರಿನಿಂದ ಬಂದಾಗ ಹೋಲಿಸಿ ನೋಡುವುದು. ಹುಟ್ಟಿದಂದಿನಿಂದ ಕೇಳಿದ ದನಿ ಮನುಷ್ಯರದೇ ಅಲ್ಲವೇ? ಅದರಲ್ಲಿ ಕಲಬೆರಕೆಯಾದರೆ ಕಿವಿ ತಟ್ಟನೆ ಹಿಡಿಯುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಿ.ಬಿ.ಸಿ.ಯ ಎಂಜಿನಿಯರ್ ಸ್ಪೆನ್ಸರ್ ಹ್ಯೂಸ್ ಹುಟ್ಟುಹಾಕಿದ ಕಂಪನಿಯ ಹೆಸರು ಸ್ಪೆಂಡರ್. ಅದರಲ್ಲಿ ಅರ್ಧ ಸ್ಪೆನ್ಸರ್, ಇನ್ನರ್ಧ ಅವರ ಹೆಂಡತಿ ಡೊರೊಥಿ. ಅದೇ ಸಂಸ್ಥೆಯ ಹಾರ್‌ವುಡ್ 1977ರಲ್ಲಿ ತೆರೆದ ಕಂಪನಿ ಹಾರ್ಬೆತ್. ಅದರಲ್ಲೂ ಹೆಂಡತಿ ಎಲಿಜಬೆತ್ ಸೇರಿಕೊಂಡಿದ್ದಾರೆ. ಸ್ಪೀಕರಿನ ಇತಿಹಾಸದಲ್ಲಿ ಹೆಂಗಸರ ಹೆಸರು ಹುಡುಕಿದರೆ ಹೀಗೆ ಅರ್ಧ ಹೆಸರಾಗಿಯಾದರೂ ಸಿಗುತ್ತದೆ.

ಸಾಧಾರಣ ಪೆಟ್ಟಿಗೆಗಳ ಕಾಲವೂ ಬಂತು. ಅಮೆರಿಕದ ಆರಾಟೋನ್ ಎಂಬುದು ಒಂದೇ ಒಂದು ಚಿಕ್ಕ ಸ್ಪೀಕರಿರುವ ಚೌಕ ಡಬ್ಬಿ. ಕಾರಿನ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಹಾಡು ಹೇಗೆ ಕೇಳಿಸೀತೆಂದು ತಿಳಿಯಲು ದೊಡ್ಡ ದೊಡ್ಡ ಸ್ಟುಡಿಯೋಗಳೇ ಅದನ್ನು ಇಟ್ಟುಕೊಂಡವು. ಜಪಾನಿನ ಯಮಹಾ ಕಂಪನಿಯ ಎನ್.ಎಸ್. 10ರ ಕಥೆ ಇದಕ್ಕಿಂತ ಸೊಗಸು. 1978ರಲ್ಲಿ ಅದು ಹೊರಬಂದದ್ದು ಮನೆಯಲ್ಲಿ ಹಾಡು ಕೇಳುವವರಿಗಾಗಿ. ಅವರಿಗೆ ಅದು ರುಚಿಸಲಿಲ್ಲ; ಕೇಳಲು ಒರಟು ಎಂದರು. ಆದರೆ ಸ್ಟುಡಿಯೋದವರು ಅದನ್ನು ಎತ್ತಿಕೊಂಡರು. ಇದರಲ್ಲಿ ಚೆನ್ನಾಗಿ ಕೇಳಿಸುವಂತೆ ಮಾಡಿದರೆ ಎಲ್ಲ ಕಡೆಯೂ ಚೆನ್ನಾಗಿ ಕೇಳಿಸುತ್ತದೆ ಎಂಬುದು ಅವರ ಅನುಭವ. ತಾರಸ್ವರದ ಚುರುಕು ಹೆಚ್ಚಾಯಿತೆಂದು ಚಿಕ್ಕ ಸ್ಪೀಕರಿನ ಮೇಲೆ ತೆಳು ಕಾಗದ ಅಂಟಿಸಿಕೊಂಡವರೂ ಉಂಟು! ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಜ್ಞರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಗುಟ್ಟಿನ ಒಂದು ಭಾಗ ಹೊರಬಿತ್ತು: ಸದ್ದು ನಿಲ್ಲಬೇಕಾದಾಗ ಈ ಪೆಟ್ಟಿಗೆ ಥಟ್ಟನೆ ನಿಲ್ಲುತ್ತದೆ, ಗುಂಯ್‌ಗುಡುತ್ತಾ ಉಳಿಯುವುದಿಲ್ಲ. ಅದೇ 2001ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಮನೆಗಳಲ್ಲಿ ಬೇಡವೆನ್ನಿಸಿಕೊಂಡ ಆ ಪೆಟ್ಟಿಗೆಗೆ 2008ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಮನೆಯಿಂದಲೇ ದನಿ ಹೊರಡುವುದು ನಮಗೂ ಹೊಸತಲ್ಲ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ‘ಆಕಾಶವಾಣಿ’ ಎಂದು ಕರೆದರು. ಆ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಮನೆಯಲ್ಲೇ ಧ್ವನಿಮುದ್ರಣ ಮಾಡುವವರಿಗೆ 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೋ ಎಂಬ ಯಂತ್ರ ಕೊಟ್ಟಿತು. ಸಾಧಾರಣ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಮುದ್ರಿಸಬಹುದಿತ್ತು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತಂದ ‘ನೆಬ್ರಾಸ್ಕಾ’ ಆತ ಮನೆಯಲ್ಲಿ ಈ ಯಂತ್ರದ ಮುಂದೆ ಕೂತು ಹಾಡಿದ್ದು. ಇಂದು ಆ ಕೆಲಸವನ್ನು ಮೇಜಿನ ಮೇಲಿನ ಕಂಪ್ಯೂಟರು ಮಾಡುತ್ತದೆ.

ನನಗೆ ಇದೆಲ್ಲ ತಿಳಿಯಬೇಕಾಗಿ ಬಂದದ್ದು ನಮ್ಮ ಚಿಕ್ಕಮ್ಮನಿಂದ. ಎಂಬತ್ತು ದಾಟಿದ ಅವರಿಗೆ ಹಸೆಗೆ ಕರೆಯುವ ಹಾಡಿನಿಂದ ಹಿಡಿದು ತೊಟ್ಟಿಲ ಹಾಡಿನವರೆಗೆ ನೂರಾರು ಹಾಡು ಬಾಯಲ್ಲಿದ್ದವು. ಕಾಗದದ ಮೇಲೆ ಒಂದೂ ಇರಲಿಲ್ಲ. ಅವರ ದನಿ ಗಟ್ಟಿಯಿರುವಾಗಲೇ ಮುದ್ರಿಸಿಡಬೇಕೆಂದು ನನ್ನ ತಮ್ಮನ ಮಗಳು ಹಟ ಹಿಡಿದಳು. “ಅತ್ತೆ, ಇರೋ ದುಡ್ಡಲ್ಲಿ ಯಾವುದು ತಗೊಳ್ಳಲಿ, ನೀವೇ ಓದಿ ಹೇಳಿ” ಎಂದಳು. ಹಾಸಿಗೆ ಇದ್ದಷ್ಟೇ ಕಾಲು ಚಾಚುವವರಿಗೆ ಉಪಯೋಗವಾಗಲೆಂದು ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ವ್ಯಾಟ್ಟಿನ ಸಂಖ್ಯೆಗೆ ಬೆರಗಾಗಬೇಡಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು. ಅದೇ ಸ್ಪೀಕರಿನ ವಿವರಪಟ್ಟಿಯಲ್ಲಿ 87 ಡೆಸಿಬೆಲ್ ಬದಲು 90 ಎಂದಿದ್ದರೆ, ಅರ್ಧ ವ್ಯಾಟ್ಟಿನಲ್ಲೇ ಅಷ್ಟೇ ಸದ್ದು ಸಿಗುತ್ತದೆ. ಎರಡನೆಯದು, ಸ್ಪೀಕರು 4 ಓಮಿನದಾದರೆ ಆಂಪ್ಲಿಫೈಯರಿಗೆ ಅದನ್ನು ತಾಳುವ ಶಕ್ತಿಯಿದೆಯೇ ಎಂದು ಅದರ ಪುಸ್ತಕ ನೋಡಿ. ಮದುವೆ ಮಂಟಪದ ಆಂಪ್ಲಿಫೈಯರು ಊರಿಗೆ ಕೇಳಿಸಲು ಮಾಡಿದ್ದು. ಮೇಜಿನೆದುರು ಕೂತು ಸೂಕ್ಷ್ಮ ಕೇಳುವವರಿಗೆ ಅದು ಬೇಡ. ಮೂರನೆಯದು, ಈ ಜೋಡಿ ಹೊಂದಿಸುವ ತಲೆನೋವೇ ಬೇಡವೆನ್ನುವವರಿಗೆ ಆಂಪ್ಲಿಫೈಯರು ಒಳಗೇ ಇರುವ ಪೆಟ್ಟಿಗೆಗಳಿವೆ. ಫಿನ್ಲೆಂಡಿನ ಜೆನೆಲೆಕ್ ಕಂಪನಿ 1978ರಿಂದ ಇಂಥವನ್ನು ಮಾಡುತ್ತಾ ಬಂದಿದೆ. ಈಗ ಕಡಿಮೆ ಬೆಲೆಯ ಬಹಳ ಕಂಪನಿಗಳಲ್ಲೂ ಸಿಗುತ್ತವೆ. ಚಿಕ್ಕ ಕೋಣೆಗೆ 5 ಇಂಚಿನ ಜೋಡಿ ಸಾಕು. ನಾವು ತಂದದ್ದೂ ಅಂಥದೇ.

ನಾಲ್ಕನೆಯದಕ್ಕೆ ದುಡ್ಡೇ ಬೇಡ. ಎರಡು ಪೆಟ್ಟಿಗೆ ಮತ್ತು ನಿಮ್ಮ ತಲೆ, ಮೂರೂ ಸಮಭುಜ ತ್ರಿಕೋನದ ಮೂಲೆಗಳಾಗಿರಲಿ. ಚಿಕ್ಕ ಸ್ಪೀಕರು ಕಿವಿಯ ಮಟ್ಟದಲ್ಲಿರಲಿ. ಗೋಡೆಯ ಮೂಲೆಗೆ ತಳ್ಳಿದರೆ ಮಂದ್ರ ಸುಳ್ಳುಸುಳ್ಳೇ ಉಬ್ಬುತ್ತದೆ. ನಮ್ಮ ಸಿಮೆಂಟು ಗೋಡೆ, ನುಣುಪು ನೆಲಗಳು ಸದ್ದನ್ನು ಮಾರ್ದನಿಸುತ್ತವೆ. ನೆಲಕ್ಕೊಂದು ಜಮಖಾನ, ಗೋಡೆಗೆ ದಪ್ಪನೆಯ ಕೌದಿ, ಹಿಂದೆ ಪುಸ್ತಕದ ಕಪಾಟು ಇದ್ದರೆ ಎಷ್ಟೋ ವಾಸಿ. ಕೊನೆಗೆ ಬಿ.ಬಿ.ಸಿ.ಯವರ ಪರೀಕ್ಷೆಯನ್ನು ನಾವೂ ಮಾಡಿದೆವು. ಚಿಕ್ಕಮ್ಮನ ಮಾತನ್ನು ಮುದ್ರಿಸಿ, ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ ನೋಡಿದೆವು.

ನಿಜ ಹೇಳುವ ಪೆಟ್ಟಿಗೆ ತಂದಾಗ ನಿಜವನ್ನು ಕೇಳುವ ಎದೆಗಾರಿಕೆಯೂ ಬೇಕು. ಹಾಡಿನ ನಡುವೆ ಉಸಿರು ಸಾಲದೆ ತಡೆದದ್ದು, ಬಳೆಯ ಸದ್ದು, ಮೇಲಿನ ಸ್ವರದಲ್ಲಿ ಗಂಟಲು ಒಡೆದದ್ದು, ಎಲ್ಲವೂ ಅದರಲ್ಲಿ ನಿಚ್ಚಳವಾಗಿ ಕೇಳಿಸಿತು. ಇವನ್ನೆಲ್ಲ ಅಳಿಸಿ ದನಿಯನ್ನು ನಯಗೊಳಿಸಲು ಕಂಪ್ಯೂಟರಿನಲ್ಲಿ ಉಪಾಯಗಳಿವೆ. ಕೋಣೆಯ ಫ್ಯಾನಿನ ಗುಂಯ್ ಸದ್ದನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೆಯೇ ಬಿಡುವುದೆಂದು ಅತ್ತೆ ಸೊಸೆ ಇಬ್ಬರೂ ಒಪ್ಪಿದೆವು. ಫ್ಯಾನು ಯಾರ ಮನೆಯಲ್ಲೂ ಇದೆ. ಆ ಉಸಿರು ಒಬ್ಬರದೇ.

ನಿಮ್ಮ ಮನೆಯಲ್ಲೂ ಹಾಡು ಬಲ್ಲ ಹಿರಿಯರು ಇರಬಹುದು. ದೊಡ್ಡ ಸ್ಟುಡಿಯೋದ ದುಡ್ಡು ಕೂಡಲೆಂದು ಕಾಯಬೇಡಿ. ದೊಡ್ಡವರೇ ಚಿಕ್ಕ ಡಬ್ಬಿಗಳನ್ನು ನಂಬಿ ಕೆಲಸ ಮಾಡಿದ್ದಾರೆ. ಪೆಟ್ಟಿಗೆ ಅಂಗಡಿಯಲ್ಲಿ ನಾಳೆಯೂ ಸಿಗುತ್ತದೆ. ದನಿಯ ವಿಷಯದಲ್ಲಿ ಆ ಭರವಸೆ ಯಾರೂ ಕೊಡಲಾರರು.