ಕೀಲೆಣ್ಣೆಯಿಂದ ಬೇರಿಂಗಿನವರೆಗೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ 10ನೇ ಶತಮಾನದ ಕಲ್ಲೇಶ್ವರ ಗುಡಿಯಿದೆ. ಮಂಟಪದೊಳಗೆ ಕಾಲಿಟ್ಟರೆ ಕಣ್ಣು ಮೊದಲು ಕಂಬಗಳತ್ತ ಹೋಗುತ್ತದೆ. ಕೆಲವು ಕಂಬಗಳ ಮೈಯಲ್ಲಿ ಬಳೆ ತೊಡಿಸಿದಂತೆ ಸುತ್ತು ಗೆರೆಗಳಿವೆ. ಕಲಾ ಇತಿಹಾಸಕಾರರು ಇವನ್ನು ತಿರುಗಣೆಯಲ್ಲಿ ಕಡೆದ ಕಂಬಗಳು ಎನ್ನುತ್ತಾರೆ. ಹೂವಿನಹಡಗಲಿಯ ಚಾಲುಕ್ಯ ಗುಡಿಗಳಲ್ಲೂ ಇಂಥವನ್ನು ನೋಡಬಹುದು. ಕಲ್ಲು ತಿರುಗಿತು ಎಂದಾದರೆ, ಅಷ್ಟು ಭಾರದ ಕಲ್ಲನ್ನು ಹೊತ್ತು ತಿರುಗಗೊಟ್ಟದ್ದು ಯಾವುದು? ಎಲ್ಲೋ ಒಂದು ಕುಳಿ, ಅದರೊಳಗೆ ಒಂದು ಮೊಳೆ, ನಡುವೆ ಒಂದಿಷ್ಟು ಜಿಡ್ಡು ಇದ್ದಿರಲೇಬೇಕು. ಶಾಸನಗಳು ದಾನ ಕೊಟ್ಟವರ ಹೆಸರು ಹೇಳುತ್ತವೆ, ಆ ಕುಳಿಯ ಸುದ್ದಿ ಎತ್ತುವುದಿಲ್ಲ.

ತಿರುಗುವುದನ್ನು ತಿರುಗಲು ಬಿಟ್ಟು ಅದರ ಭಾರ ಹೊರುವ ಭಾಗಕ್ಕೆ ಇಂದು ನಾವು ಬೇರಿಂಗು ಎನ್ನುತ್ತೇವೆ. ಹೆಸರು ಹೊಸದು, ವಸ್ತು ಮನೆಯದೇ. ಬೀಸುಕಲ್ಲಿನ ನಡುವಿನ ಗೂಟ, ಕುಂಬಾರನ ತಿಗರಿಯ ಅಡಿಯ ಮೊಳೆ, ಹಳೆಯ ಬಾಗಿಲು ತಿರುಗುತ್ತಿದ್ದ ಹೊಸ್ತಿಲ ಕುಳಿ, ಮಜ್ಜಿಗೆಯ ಕಡೆಗೋಲನ್ನು ಕಂಬಕ್ಕೆ ಹಿಡಿದಿಡುವ ಹಗ್ಗದ ಕುಣಿಕೆ, ಎಲ್ಲವೂ ಅದೇ. ಮಜ್ಜಿಗೆಗೂ ಕಂಬಕ್ಕೂ ಕನ್ನಡ ‘ಕಡೆ’ ಎಂಬ ಒಂದೇ ಕ್ರಿಯಾಪದ ಬಳಸುವುದು ನನಗಂತೂ ಸುಮ್ಮನೆ ಅನ್ನಿಸುವುದಿಲ್ಲ.

ಆದರೆ ಈ ಸೀಮೆಯ ದೊಡ್ಡ ಕಥೆ ಬಂಡಿಯದು. ಭರತ ಹುಣ್ಣಿಮೆಗೆ ಮೈಲಾರಕ್ಕೆ, ಶಿವರಾತ್ರಿಯ ಹೊತ್ತಿಗೆ ಕುರುವತ್ತಿಗೆ ಸಾಲುಗಟ್ಟಿ ಹೋಗುತ್ತಿದ್ದ ಬಂಡಿಗಳಲ್ಲಿ ಗಾಲಿಯ ಗುಂಬ ನೇರವಾಗಿ ಕಬ್ಬಿಣದ ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗುತ್ತಿತ್ತು. ಹೊರಗೆ ಜಾರದಂತೆ ತಡೆಯುವುದು ಕಡೆಗೀಲು. ಜೇಡರ ದಾಸಿಮಯ್ಯನ ವಚನದಲ್ಲೇ ಈ ಪದ ಬರುವುದರಿಂದ ಅದರ ವಯಸ್ಸು ಗೊತ್ತಾಗುತ್ತದೆ. ಉಜ್ಜಾಟಕ್ಕೆ ಮದ್ದು ಕೀಲೆಣ್ಣೆ. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ಇಂಥ ಸಾದಾ ಬೇರಿಂಗಿನಲ್ಲಿ, ಎಣ್ಣೆ ತಕ್ಕಮಟ್ಟಿಗೆ ಇದ್ದರೂ, ಹೊತ್ತ ಭಾರದ ಹತ್ತನೇ ಒಂದು ಪಾಲಿನ ಆಸುಪಾಸಿನಷ್ಟು ಬಲ ಅಚ್ಚಿನ ಮೈಯಲ್ಲೇ ತಡೆಯಾಗಿ ನಿಲ್ಲಬಹುದು. ಉಕ್ಕಿನ ಗುಂಡುಗಳಿರುವ ಬಾಲ್ ಬೇರಿಂಗಿನಲ್ಲಿ ಅದು ಸಾವಿರದಲ್ಲಿ ಒಂದೆರಡು ಪಾಲು. ಎಣ್ಣೆ ಆರಿದ ದಿನ ಆ ವ್ಯತ್ಯಾಸವನ್ನು ಹೊತ್ತದ್ದು ಎತ್ತಿನ ಹೆಗಲು.

ಯುರೋಪಿನಲ್ಲೂ ಬೇರಿಂಗಿನ ಕಥೆ ಗಾಡಿಯ ಅಚ್ಚಿನೊಂದಿಗೆ ಬೆರೆತಿದೆ. ವೇಲ್ಸಿನ ಫಿಲಿಪ್ ವಾನ್ 1794ರಲ್ಲಿ ಗುಂಡುಗಳಿರುವ ಅಚ್ಚಿಗೆ ಪೇಟೆಂಟ್ ಪಡೆದ. ಅಮೆರಿಕದ ಗಾಡಿ ತಯಾರಕ ಹೆನ್ರಿ ಟಿಮ್ಕನ್‌ನ ಮೊನಚು ರೋಲರಿಗೆ 1898ರಲ್ಲಿ ಪೇಟೆಂಟ್ ಸಿಕ್ಕಿತು. ಗಾಡಿ ತಿರುವಿನಲ್ಲಿ ಹೊರಳುವಾಗ ಭಾರ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಒತ್ತುತ್ತದೆ. ಓರೆಯಾಗಿ ಕೂತ ರೋಲರು ಎರಡನ್ನೂ ತಾಳುತ್ತದೆ. ನಮ್ಮಲ್ಲಿ ಎತ್ತಿನ ಬಂಡಿಯನ್ನು ಗಂಭೀರ ವಿಷಯವೆಂದು ದೆಹಲಿಗೆ ಕೇಳುವಂತೆ ಹೇಳಿದವರು ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ. ಹಗುರ ಗಾಲಿ, ನುಣುಪು ಬೇರಿಂಗು, ಎತ್ತಿಗೆ ನೋಯದ ನೊಗ ಎಂದು ಅವರು ವಾದಿಸುತ್ತಲೇ ಇದ್ದರು. ಅಷ್ಟರಲ್ಲಿ ಟೈರ್ ಬಂಡಿ ಬಂತು, ಅದರ ಹಿಂದೆಯೇ ಟ್ರ್ಯಾಕ್ಟರೂ ಬಂತು. ಸವೆದ ಬೇರಿಂಗುಗಳು ಹುಡುಗರ ಪಾಲಾದವು. ಹಲಗೆಗೆ ಅವನ್ನು ಸಿಕ್ಕಿಸಿ ಇಳಿಜಾರಿನಲ್ಲಿ ಓಡಿಸುತ್ತಿದ್ದ ಬೇರಿಂಗ್ ಗಾಡಿಯ ಕರಕರ ಸದ್ದು ನನ್ನ ತಲೆಮಾರಿನವರ ಕಿವಿಯಲ್ಲಿ ಇನ್ನೂ ಇದೆ.

ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಬಂದ ಮೀಟರ್ ಗೇಜ್ ರೈಲಿನದೂ ಇದೇ ದಾರಿ. ಹಳೆಯ ಡಬ್ಬಿಗಳ ಅಚ್ಚು ಕಂಚಿನ ತುಂಡಿನ ಕೆಳಗೆ, ಎಣ್ಣೆಯಲ್ಲಿ ನೆನೆದ ನೂಲಿನ ಮೇಲೆ ತಿರುಗುತ್ತಿತ್ತು. ನೂಲು ಒಣಗಿದರೆ ಅಚ್ಚಿನ ಪೆಟ್ಟಿಗೆ ಕಾದು ಹೊಗೆಯಾಡುತ್ತಿತ್ತು. ಈಗಿನ ಡಬ್ಬಿಗಳಲ್ಲಿ ರೋಲರ್ ಬೇರಿಂಗಿದೆ. ಇನ್ನು ಕೂಡ್ಲಿಗಿಯ ಬರಡು ಹೊಲಗಳ ಕೊಳವೆಬಾವಿಯಲ್ಲಿ, ನೂರಾರು ಅಡಿ ಆಳದಲ್ಲಿ, ಮೋಟಾರಿನ ಬುಡಕ್ಕಿರುವುದು ತ್ರಸ್ಟ್ ಬೇರಿಂಗು. ಪಂಪು ನೀರನ್ನು ಮೇಲಕ್ಕೆ ತಳ್ಳಿದಷ್ಟೂ ತಾನು ಕೆಳಕ್ಕೆ ಒತ್ತುತ್ತದೆ, ಆ ಒತ್ತಡವನ್ನು ಹೊರುವುದು ಅದು. ಅಲ್ಲಿ ಎಣ್ಣೆಯ ಕೆಲಸವನ್ನೂ ನೀರೇ ಮಾಡುತ್ತದೆ.

ಜಾತ್ರೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನನ್ನು ಬಿಡದೆ ಕಾಡುವುದು ತೇರಿನ ಅಚ್ಚು. 2017ರ ಫೆಬ್ರುವರಿ 21ರಂದು ಕೊಟ್ಟೂರೇಶ್ವರನ ತೇರು ಸಾವಿರಾರು ಜನರ ನಡುವೆ ಉರುಳಿತು, ಹಲವರು ಗಾಯಗೊಂಡರು. ಅಚ್ಚು ಮುರಿದದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಅಪಶಕುನದ ಮಾತು ಅಚ್ಚಿನ ಮಾತಿಗಿಂತ ಬೇಗ ಹಬ್ಬುತ್ತದೆ. ನನಗೆ ಅಚ್ಚಿನ ಮಾತೇ ಮುಖ್ಯ. ವರ್ಷವಿಡೀ ಬಿಸಿಲು ಮಳೆಯಲ್ಲಿ ನಿಂತು ಒಂದೇ ದಿನ ಪೂರ್ತಿ ಭಾರ ಹೊತ್ತು ಹೊರಡುವ ಅಚ್ಚು ಒಳಗೊಳಗೇ ಬಿರುಕು ಬಿಟ್ಟಿದ್ದರೆ ಮೇಲಿನ ಬಣ್ಣದಲ್ಲಿ ಕಾಣುವುದಿಲ್ಲ.

ಹಾಗಾದರೆ ತೇರಿಗೂ ರೋಲರ್ ಬೇರಿಂಗು ಹಾಕೋಣವೇ? ಇಲ್ಲಿ ನಾನು ತಡೆಯುತ್ತೇನೆ. ತೇರಿಗೆ ಉಜ್ಜಾಟ ಶತ್ರುವಲ್ಲ. ಮಿಣಿ ಸಡಿಲವಾದ ಕೂಡಲೇ ಅದು ತಾನಾಗಿ ನಿಲ್ಲಲು ಅರ್ಧ ಕಾರಣ ಗುಂಬದೊಳಗಿನ ಆ ಉಜ್ಜಾಟವೇ, ಉಳಿದರ್ಧ ಗಾಲಿಯಡಿಗೆ ಮರದ ತುಂಡು ಕೊಡುವವರ ಕೈಚಳಕ. ನುಣುಪಾಗಿ ಉರುಳುವ ತೇರಿಗೆ ಬ್ರೇಕು ಬೇಕೇಬೇಕು. ತಮಿಳುನಾಡಿನ ತಿರುಚಿರಾಪಳ್ಳಿಯ ಬಿಎಚ್‌ಇಎಲ್ ಅಲ್ಲಿನ ತೇರುಗಳಿಗೆ ಉಕ್ಕಿನ ಗಾಲಿ, ಅಚ್ಚುಗಳ ಜೊತೆಗೆ ಬ್ರೇಕನ್ನೂ ಮಾಡಿಕೊಟ್ಟಿದೆ. ನಮಗೆ ಗಟ್ಟಿ ಅಚ್ಚು, ಪ್ರತಿ ಜಾತ್ರೆಗೂ ಮುನ್ನ ಗಾಲಿ ಕಳಚಿ ನೋಡುವ ಕಣ್ಣು, ಬೇಕಾದಷ್ಟು ಎಣ್ಣೆ ಸಾಕು ಅನ್ನಿಸುತ್ತದೆ. ಆ ಮರದ ತುಂಡು ಹಿಡಿದು ಉರುಳುವ ಗಾಲಿಯ ಮುಂದೆ ಬಾಗಿ ನಡೆಯುವವರಿಗೆ ಹಿಂದೆ ಸರಿಯಲು ಸಿಗುವುದು ಒಂದೆರಡು ಕ್ಷಣ ಮಾತ್ರ.