ಮಾದರಿ ರಾಕೆಟ್

ಮಾದರಿ ರಾಕೆಟ್ ಎಂಬುದು ಕಾಗದ, ಹಗುರವಾದ ಮರ, ಪ್ಲಾಸ್ಟಿಕ್ ಮುಂತಾದ ವಸ್ತುಗಳಿಂದ ರಚಿಸಿ, ಕಾರ್ಖಾನೆಯಲ್ಲಿ ಸಿದ್ಧಗೊಂಡ ಸಣ್ಣ ಘನ ಇಂಧನದ ಮೋಟರಿನಿಂದ ಹಾರಿಸುವ ಕಿರು ರಾಕೆಟ್. ಇದು ಪ್ಯಾರಾಚೂಟಿನ ನೆರವಿನಿಂದ ನಿಧಾನವಾಗಿ ನೆಲಕ್ಕಿಳಿಯುತ್ತದೆ. ಮೋಟರನ್ನು ಬದಲಿಸಿ ಮತ್ತೆ ಹಾರಿಸಬಹುದು. ದೀಪಾವಳಿಯ ರಾಕೆಟ್ ಪಟಾಕಿ ಒಮ್ಮೆ ಉರಿದರೆ ಮುಗಿಯಿತು, ಅದರ ಕಡ್ಡಿ ಯಾರ ಮನೆಯ ಮೇಲೆ ಬೀಳುವುದೆಂದು ಹೇಳಲಾಗದು. ಮಾದರಿ ರಾಕೆಟಿನಲ್ಲಿ ಏರಿಕೆಯಷ್ಟೇ ಇಳಿಕೆಯನ್ನೂ ಮೊದಲೇ ಯೋಜಿಸಲಾಗಿರುತ್ತದೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ: ಹಾರಿಸುವವರು ಮದ್ದನ್ನು ತಾವಾಗಿ ತಯಾರಿಸುವುದೂ ಇಲ್ಲ, ತುಂಬುವುದೂ ಇಲ್ಲ. ಈ ಹವ್ಯಾಸದ ಸುರಕ್ಷತೆಯೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ಹಿನ್ನೆಲೆ

ಕರ್ನಾಟಕದ ಓದುಗರಿಗೆ ರಾಕೆಟ್ ಹೊಸ ವಸ್ತುವಲ್ಲ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್‌ಗಳನ್ನು ಬಳಸುತ್ತಿತ್ತು. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡವನ್ನು ತಡೆದುಕೊಳ್ಳುತ್ತಿದ್ದುದರಿಂದ ಕಾಗದದ ಕೊಳವೆಯ ಬಾಣಗಳಿಗಿಂತ ಇವು ಬಹುದೂರ ಸಾಗುತ್ತಿದ್ದವು. ಕೊಳವೆಗೆ ಉದ್ದನೆಯ ಬಿದಿರನ್ನು ಕಟ್ಟಲಾಗುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಸೋಲುವಲ್ಲಿ ಇವುಗಳ ಪಾತ್ರವಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ವಶಪಡಿಸಿಕೊಂಡ ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್ ಸೇರಿದವು. ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ಬೆಳೆಸಿದ್ದು ಆ ನಂತರ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಪುರಾತತ್ತ್ವ ಇಲಾಖೆ ಹೊರತೆಗೆಯಿತು. ಅಮೆರಿಕದ ವಾಲಪ್ಸ್ ದ್ವೀಪದ ನಾಸಾ ಕೇಂದ್ರದಲ್ಲಿ ಮೈಸೂರು ಸೈನಿಕರು ರಾಕೆಟ್ ಹಾರಿಸುವ ಚಿತ್ರವೊಂದನ್ನು ಕಂಡುದನ್ನು ಎ. ಪಿ. ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಆಟಿಕೆಯಂತೆ ಕಾಣುವ ಇಂದಿನ ಮಾದರಿ ರಾಕೆಟ್ ಹುಟ್ಟಿದ್ದು ಅಮೆರಿಕದಲ್ಲಿ. ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಪಟ್ಟಣದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ 1954ರಲ್ಲಿ, ಮಾದರಿ ವಿಮಾನಗಳ ಹವ್ಯಾಸವಿದ್ದ ತಮ್ಮ ಸೋದರ ರಾಬರ್ಟ್‌ಗಾಗಿ ಇಂಥದೊಂದನ್ನು ರಚಿಸಿದರು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಕಕ್ಷೆ ಸೇರಿದ ಬಳಿಕ ಅಲ್ಲಿನ ಹದಿಹರೆಯದವರಲ್ಲಿ ರಾಕೆಟ್ ಹುಚ್ಚು ಹಬ್ಬಿತು. ಬೆಂಕಿಕಡ್ಡಿಯ ಮದ್ದನ್ನೂ ಗಂಧಕ ಮತ್ತು ಸತುವಿನ ಪುಡಿಯನ್ನೂ ಲೋಹದ ಕೊಳವೆಗಳಿಗೆ ತುಂಬಿ ಹಲವರು ಬೆರಳು, ಕಣ್ಣುಗಳನ್ನು ಕಳೆದುಕೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡಿದ್ದ ಜಿ. ಹ್ಯಾರಿ ಸ್ಟೈನ್ ಈ ಅಪಾಯದ ವಿಷಯವಾಗಿ ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ಕಾರ್ಲೈಲ್ ತಮ್ಮ ಮಾದರಿಯನ್ನು ಅವರಿಗೆ ಕಳುಹಿಸಿಕೊಟ್ಟರು. ಇಬ್ಬರ ಸಹಯೋಗದಿಂದ ಕಿಟ್‌ಗಳ ಮಾರಾಟ ಆರಂಭವಾಯಿತು. ಬೇಡಿಕೆಗೆ ತಕ್ಕಷ್ಟು ಮೋಟರ್‌ಗಳನ್ನು ಕೈಯಿಂದ ಮಾಡಲಾಗದಾಗ ವರ್ನ್ ಎಸ್ಟಿಸ್ ಎಂಬುವರು 1959ರಲ್ಲಿ ಅವನ್ನು ತಯಾರಿಸುವ ಸ್ವಯಂಚಾಲಿತ ಯಂತ್ರವೊಂದನ್ನು ರೂಪಿಸಿದರು. ಎಸ್ಟಿಸ್ ಹೆಸರಿನ ಕಿಟ್‌ಗಳು ಇಂದಿಗೂ ಹೆಚ್ಚು ಪ್ರಚಲಿತ. ಹೀಗೆ ಮದ್ದು ತುಂಬುವ ಕೆಲಸ ಮಕ್ಕಳ ಕೈಯಿಂದ ಕಾರ್ಖಾನೆಗೆ ವರ್ಗವಾದುದೇ ಈ ಹವ್ಯಾಸದ ನಿಜವಾದ ಆರಂಭವೆನ್ನಬೇಕು.

ಮೈಸೂರಿನ ರಾಕೆಟಿಗೆ ಕಬ್ಬಿಣ ಶಕ್ತಿಯಾಗಿದ್ದರೆ ಮಾದರಿ ರಾಕೆಟಿನಲ್ಲಿ ಲೋಹದ ಕವಚವೇ ನಿಷಿದ್ಧ. ಕಾಗದದ ಕೊಳವೆ ಸೀಳಿದರೆ ಚೂರಾಗಿ ಸಿಡಿಯುವುದಿಲ್ಲ. ಕಬ್ಬಿಣ ಸಿಡಿದರೆ ಗುಂಡಿನಂತೆ ಚುಚ್ಚುತ್ತದೆ.

ಭಾಗಗಳು ಮತ್ತು ಜೋಡಣೆ

ಸಾಮಾನ್ಯ ಕಿಟ್‌ನಲ್ಲಿ ಕಾಗದದ ಉದ್ದನೆಯ ಕೊಳವೆ, ಶಂಕುವಿನಾಕಾರದ ಮುಂತುದಿ, ಮೂರು ಅಥವಾ ನಾಲ್ಕು ರೆಕ್ಕೆಗಳು, ಮೋಟರನ್ನು ಹಿಡಿದಿಡುವ ಒಳಕೊಳವೆ ಮತ್ತು ಬಳೆಗಳು, ಎಳೆದರೆ ಹಿಗ್ಗುವ ದಾರ ಹಾಗೂ ತೆಳು ಪ್ಲಾಸ್ಟಿಕ್ಕಿನ ಪ್ಯಾರಾಚೂಟ್ ಇರುತ್ತವೆ. ಕೊಳವೆಯ ಹೊರಬದಿಗೆ ಪಾನೀಯದ ಸ್ಟ್ರಾನಂಥ ಸಣ್ಣ ನಳಿಕೆಯೊಂದನ್ನು ಅಂಟಿಸಲಾಗುತ್ತದೆ. ಉಡ್ಡಯನದ ಸರಳು ಇದರೊಳಗೆ ಹಾದುಹೋಗುತ್ತದೆ.

ಜೋಡಣೆಗೆ ಮರಗೆಲಸದ ಬಿಳಿ ಅಂಟು ಸಾಕು. ಮೊದಲು ಮೋಟರಿನ ಒಳಕೊಳವೆಯನ್ನು ಬಳೆಗಳ ಸಹಿತ ಕೂರಿಸಬೇಕು. ಅಂಟು ಬೇಗ ಹಿಡಿಯುವುದರಿಂದ ಅರ್ಧದಲ್ಲಿ ನಿಲ್ಲಿಸದೆ ಒಂದೇ ಬಾರಿಗೆ ತಳ್ಳಬೇಕು. ಹೊಸಬರ ಬಹುಪಾಲು ಕಿಟ್‌ಗಳು ಕೆಡುವುದು ಈ ಹಂತದಲ್ಲಿ. ಅನಂತರ ಕೊಳವೆಯ ಸುತ್ತ ಕಾಗದದ ಪಟ್ಟಿಯನ್ನು ಸುತ್ತಿ, ಅದನ್ನು ಮೂರು ಸಮಭಾಗ ಮಾಡಿ, ರೆಕ್ಕೆಗಳ ಸ್ಥಾನವನ್ನು ಗುರುತಿಸಲಾಗುತ್ತದೆ. ಬಾಲ್ಸಾ ಮರದ ರೆಕ್ಕೆಯ ನಾರು ಅದರ ಮುಂಚೂಣಿಯ ಅಂಚಿಗೆ ಸಮಾಂತರವಾಗಿರಬೇಕು. ಅಡ್ಡನಾರಿನ ರೆಕ್ಕೆ ಗಾಳಿಯ ಹೊಡೆತಕ್ಕೆ ಮುರಿಯುತ್ತದೆ. ಅಂಟು ಒಣಗಿದ ಮೇಲೆ ರೆಕ್ಕೆ ಮತ್ತು ಕೊಳವೆ ಕೂಡುವ ಮೂಲೆಯಲ್ಲಿ ಮತ್ತೊಮ್ಮೆ ತೆಳುವಾಗಿ ಅಂಟು ಸವರಿದರೆ ಜೋಡಣೆ ಗಟ್ಟಿಯಾಗುತ್ತದೆ.

ಪ್ಯಾರಾಚೂಟಿನ ಕೆಳಗೆ ಬೆಂಕಿ ಹಿಡಿಯದಂತೆ ಸಂಸ್ಕರಿಸಿದ ಕಾಗದವನ್ನು ಸಡಿಲವಾಗಿ ತುರುಕಬೇಕು. ಇದರ ಬದಲಿಗೆ ಹತ್ತಿಯನ್ನಾಗಲಿ ಸಾಮಾನ್ಯ ಕಾಗದವನ್ನಾಗಲಿ ಬಳಸಬಾರದು. ಅವು ಉರಿಯುತ್ತ ನೆಲಕ್ಕೆ ಬೀಳುತ್ತವೆ.

ಸ್ಥಿರತೆ

ರಾಕೆಟ್ ನೇರವಾಗಿ ಏರುವುದೋ ಗಿರಕಿ ಹೊಡೆಯುವುದೋ ಎಂಬುದು ಎರಡು ಬಿಂದುಗಳನ್ನು ಅವಲಂಬಿಸಿದೆ. ಒಂದು ಗುರುತ್ವಕೇಂದ್ರ, ಅಂದರೆ ರಾಕೆಟನ್ನು ಬೆರಳ ಮೇಲಿಟ್ಟಾಗ ತೂಗಿ ನಿಲ್ಲುವ ಸ್ಥಳ. ಮತ್ತೊಂದು ಒತ್ತಡ ಕೇಂದ್ರ, ಅಂದರೆ ಗಾಳಿಯ ಬಲವೆಲ್ಲ ಒಟ್ಟಾಗಿ ವರ್ತಿಸುವ ಸ್ಥಳ. ಗುರುತ್ವಕೇಂದ್ರವು ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಮುಂದಿರಬೇಕು. ಆಗ ರಾಕೆಟ್ ಓರೆಯಾದರೂ ಗಾಳಿಯೇ ಹಿಂಭಾಗವನ್ನು ತಳ್ಳಿ ಅದನ್ನು ನೇರಗೊಳಿಸುತ್ತದೆ. ಹುಂಜದ ಆಕಾರದ ಗಾಳಿಸೂಚಿಯ ಅಗಲವಾದ ಬಾಲ ಹಿಂದಕ್ಕೆ ತಿರುಗಿ ನಿಲ್ಲುವುದೂ ಇದೇ ಕಾರಣದಿಂದ.

ಮೈಸೂರು ರಾಕೆಟಿನ ಬಿದಿರು ಮಾಡುತ್ತಿದ್ದುದು ಇದೇ ಕೆಲಸ; ದೀಪಾವಳಿ ರಾಕೆಟಿನ ಕಡ್ಡಿ ಮಾಡುವುದೂ ಇದನ್ನೇ. ಕಡ್ಡಿ ಮುರಿದ ರಾಕೆಟನ್ನು ಹಚ್ಚಿದವರಿಗೆ ಅದು ಜನರ ನಡುವೆ ನುಗ್ಗುವ ಪರಿ ಗೊತ್ತಿರುತ್ತದೆ. ಮಾದರಿ ರಾಕೆಟಿನಲ್ಲಿ ಕಡ್ಡಿಯ ಸ್ಥಾನವನ್ನು ರೆಕ್ಕೆಗಳು ತುಂಬಿವೆ. ಒತ್ತಡ ಕೇಂದ್ರವನ್ನು ಲೆಕ್ಕ ಹಾಕುವ ಸೂತ್ರಗಳನ್ನು ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳಿಗೆ ಒದಗಿಸಿದರು. ಲೆಕ್ಕವಿಲ್ಲದ ಪರೀಕ್ಷೆಯೂ ಉಂಟು: ಮೋಟರ್ ಕೂರಿಸಿದ ರಾಕೆಟಿನ ಗುರುತ್ವಕೇಂದ್ರಕ್ಕೆ ದಾರ ಕಟ್ಟಿ, ಬಯಲಿನಲ್ಲಿ ತಲೆಯ ಮೇಲೆ ಕವಣೆಯಂತೆ ಬೀಸಬೇಕು. ಮುಂತುದಿ ಮುಂದಾಗಿಯೇ ಸುತ್ತಿದರೆ ರಾಕೆಟ್ ಸ್ಥಿರ. ಹಿಂದುಮುಂದಾದರೆ ಮುಂತುದಿಗೆ ಸ್ವಲ್ಪ ತೂಕ ಸೇರಿಸಬೇಕು ಅಥವಾ ರೆಕ್ಕೆಗಳನ್ನು ದೊಡ್ಡದು ಮಾಡಬೇಕು.

ಮೋಟರ್

ಹೆಚ್ಚು ಬಳಕೆಯಲ್ಲಿರುವ ಮೋಟರ್ 18 ಮಿ.ಮೀ. ವ್ಯಾಸದ, 70 ಮಿ.ಮೀ. ಉದ್ದದ ಕಾಗದದ ಕೊಳವೆ. ಅದರಲ್ಲಿ ಕ್ರಮವಾಗಿ ಜೇಡಿಮಣ್ಣಿನ ನಳಿಕೆ, ನೂಕುಬಲ ನೀಡುವ ಕರಿಮದ್ದು, ನಿಧಾನವಾಗಿ ಉರಿಯುವ ವಿಳಂಬ ಪದರ ಮತ್ತು ಕೊನೆಯಲ್ಲಿ ಪ್ಯಾರಾಚೂಟನ್ನು ಹೊರದಬ್ಬುವ ಮದ್ದು ಇರುತ್ತವೆ. ಮೋಟರಿನ ಮೇಲೆ ಅಚ್ಚಾಗಿರುವ ಸಂಕೇತದಲ್ಲಿ ಅಕ್ಷರವು ಒಟ್ಟು ಆವೇಗವನ್ನು ಸೂಚಿಸುತ್ತದೆ. ‘ಎ’ ವರ್ಗದ ಗರಿಷ್ಠ ಮಿತಿ 2.5 ನ್ಯೂಟನ್-ಸೆಕೆಂಡ್, ‘ಬಿ’ ವರ್ಗದ್ದು 5, ‘ಸಿ’ ವರ್ಗದ್ದು 10. ಹೀಗೆ ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿಯಾಗುತ್ತದೆ. ‘ಸಿ6-5’ ಎಂದಿದ್ದರೆ ಸರಾಸರಿ ನೂಕುಬಲ 6 ನ್ಯೂಟನ್, ಮದ್ದು ಮುಗಿದ ಮೇಲಿನ ವಿಳಂಬ 5 ಸೆಕೆಂಡ್ ಎಂದರ್ಥ. ಈ 5 ಸೆಕೆಂಡಿನಲ್ಲಿ ರಾಕೆಟ್ ತನ್ನ ವೇಗದಿಂದಲೇ ಮೇಲೇರಿ, ತುದಿ ಮುಟ್ಟುವ ಹೊತ್ತಿಗೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಗಾಳಿಯ ತಡೆ ಮತ್ತು ಗುರುತ್ವವನ್ನು ಬದಿಗಿಟ್ಟು ನೋಡಿದರೆ, 5 ನ್ಯೂಟನ್-ಸೆಕೆಂಡ್ ಆವೇಗವು 100 ಗ್ರಾಂ ತೂಕದ ರಾಕೆಟಿಗೆ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ವೇಗ ಕೊಡಬಲ್ಲದು. ಆಟಿಕೆಯೆಂದು ಹಗುರವಾಗಿ ಕಾಣಬಾರದು.

ಉಡ್ಡಯನ

ರಾಕೆಟನ್ನು ಸುಮಾರು 90 ಸೆಂ.ಮೀ. ಉದ್ದದ ಉಕ್ಕಿನ ಸರಳಿಗೆ ಪೋಣಿಸಿ, ತಂತಿಯ ಮೂಲಕ ವಿದ್ಯುತ್ ಹರಿಸಿ ದೂರದಿಂದ ಹೊತ್ತಿಸಲಾಗುತ್ತದೆ. ಬತ್ತಿಗೆ ಕಡ್ಡಿ ಗೀರುವ ಪದ್ಧತಿ ಇಲ್ಲಿಲ್ಲ. ಅಮೆರಿಕದ ರಾಷ್ಟ್ರೀಯ ರಾಕೆಟ್ರಿ ಸಂಘದ ಸುರಕ್ಷಾ ಸಂಹಿತೆಯ ಪ್ರಕಾರ ಸಣ್ಣ ಮೋಟರ್‌ಗಳಿಗೆ 15 ಅಡಿ, ‘ಡಿ’ ವರ್ಗಕ್ಕೆ ಮೀರಿದವಕ್ಕೆ 30 ಅಡಿ ದೂರದಲ್ಲಿ ನಿಲ್ಲಬೇಕು. ಸರಳು ಲಂಬದಿಂದ 30 ಡಿಗ್ರಿಗಿಂತ ಹೆಚ್ಚು ವಾಲಬಾರದು. ಹೊತ್ತದಿದ್ದರೆ ಸಂಪರ್ಕ ಕಿತ್ತು, 60 ಸೆಕೆಂಡ್ ಕಾದ ಬಳಿಕವೇ ಹತ್ತಿರ ಹೋಗಬೇಕು. ಗಾಳಿ ಗಂಟೆಗೆ 32 ಕಿ.ಮೀ. ಮೀರಿದ ದಿನ ಹಾರಿಸುವಂತಿಲ್ಲ. ‘ಸಿ’ ಮೋಟರಿಗೆ ಬಯಲಿನ ಅತಿ ಚಿಕ್ಕ ಬದಿ 400 ಅಡಿಯಾದರೂ ಇರಬೇಕು.

ಈ ಅಂಕಿಗಳನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡುವುದು ಅಗತ್ಯ. ಉದಾಹರಣೆಗೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಕಪಿಲಾ ನದಿಯ ದಂಡೆಯ ಊರು. ಸುತ್ತ ನಾಲೆ ನೀರಿನ ಗದ್ದೆಗಳಿವೆ. ಕೊಯ್ಲಾದ ಗದ್ದೆಬಯಲು ವಿಶಾಲವಾಗಿ ಕಂಡರೂ ಅದು ಒಣ ಕೂಳೆಯ ಕಾಲ, ಅಲ್ಲಲ್ಲಿ ಹುಲ್ಲಿನ ಮೆದೆಗಳಿರುವ ಕಾಲ. ಮೋಟರಿನಿಂದ ಹೊಮ್ಮುವ ಜ್ವಾಲೆ ನೆಲಕ್ಕೆ ತಾಗದಂತೆ ಲೋಹದ ತಗಡನ್ನು ಅಡ್ಡವಿಟ್ಟರೂ, ಸರಳಿನ ಸುತ್ತ ಒಣಹುಲ್ಲನ್ನು ಕೆರೆದು ತೆಗೆದು, ನೀರಿನ ಬಿಂದಿಗೆ ಪಕ್ಕದಲ್ಲಿರಬೇಕು. ಒಂದು ಮೆದೆ ಸುಟ್ಟರೆ ಒಂದು ಮನೆಯ ದನಕರುಗಳ ವರ್ಷದ ಮೇವು ಹೋದಂತೆ. ಆಷಾಢದ ಗಾಳಿಯಲ್ಲಂತೂ ಹಾರಿಸುವ ಮಾತೇ ಇಲ್ಲ. ಗಾಳಿ ಸೆಕೆಂಡಿಗೆ ಕೇವಲ 3 ಮೀಟರ್ ಇದ್ದರೂ, 150 ಮೀಟರ್ ಎತ್ತರದಿಂದ ಸೆಕೆಂಡಿಗೆ 4 ಮೀಟರಿನಂತೆ ಇಳಿಯುವ ರಾಕೆಟ್ ನೂರು ಮೀಟರಿಗೂ ಆಚೆ ಬೀಳುತ್ತದೆ. ಅಲ್ಲಿ ತೆಂಗಿನ ತೋಟವಿರಬಹುದು, ವಿದ್ಯುತ್ ತಂತಿಯಿರಬಹುದು, ತುಂಬಿ ಹರಿಯುವ ನಾಲೆಯಿರಬಹುದು. ತಂತಿಗೋ ಮರಕ್ಕೋ ಸಿಕ್ಕಿದ ರಾಕೆಟನ್ನು ಬಿಟ್ಟುಬಿಡಬೇಕು. ಅದಕ್ಕಾಗಿ ಮಗುವೊಂದು ನಾಲೆಗಿಳಿಯುವಂತಾಗಬಾರದು. ತಿ. ನರಸೀಪುರದ ಸಂಗಮದ ಮರಳಿನಲ್ಲಿ ಬೆಂಕಿಯ ಭಯ ಕಡಿಮೆ, ಆದರೆ ನೀರಿನ ಭಯ ಇನ್ನೂ ಹೆಚ್ಚು. ಮೈಸೂರು–ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವಿರುವುದರಿಂದ ಅದರ ಆಸುಪಾಸು ಸಲ್ಲದು.

ರಾಕೆಟ್ ಏರಿದ ಎತ್ತರವನ್ನು ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದಲೇ ಅಳೆಯಬಹುದು. ಕೋನಮಾಪಕಕ್ಕೆ ದಾರದಲ್ಲಿ ಕಲ್ಲು ಕಟ್ಟಿ, ಸರಳಿನಿಂದ 100 ಮೀಟರ್ ದೂರದಲ್ಲಿ ನಿಂತು, ತುತ್ತತುದಿಯನ್ನು ಗುರಿಹಿಡಿದು ಕೋನವನ್ನು ಓದಬೇಕು. 45 ಡಿಗ್ರಿ ಬಂದರೆ ಎತ್ತರ 100 ಮೀಟರ್, 60 ಡಿಗ್ರಿ ಬಂದರೆ ಸುಮಾರು 173 ಮೀಟರ್. ನೋಡುವವರ ಕಣ್ಣಿನ ಎತ್ತರವನ್ನು ಇದಕ್ಕೆ ಸೇರಿಸಬೇಕು.

ಭಾರತದಲ್ಲಿ

ಭಾರತದಲ್ಲಿ ಸ್ಫೋಟಕಗಳ ತಯಾರಿಕೆ, ಸಂಗ್ರಹ, ಆಮದು ಮತ್ತು ಮಾರಾಟವು 1884ರ ಸ್ಫೋಟಕಗಳ ಅಧಿನಿಯಮ ಹಾಗೂ 2008ರ ನಿಯಮಗಳಿಗೆ ಒಳಪಟ್ಟಿದೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಇದರ ಮೇಲ್ವಿಚಾರಣೆ ನಡೆಸುತ್ತದೆ. ಕರಿಮದ್ದಿನ ಮೋಟರ್ ಸಹ ಸ್ಫೋಟಕವೇ ಆದುದರಿಂದ ವಿದೇಶದ ಕಿಟ್ ತರಿಸಿಕೊಂಡ ಮಾತ್ರಕ್ಕೆ ಮೋಟರನ್ನೂ ತರಿಸಿಕೊಳ್ಳಬಹುದೆಂದು ಭಾವಿಸಬಾರದು. ಮೋಟರ್ ದೊರೆಯದಾಗ ಪಟಾಕಿಗಳನ್ನು ಬಿಚ್ಚಿ ಮದ್ದು ಒಟ್ಟುಮಾಡುವ ಆಸೆ ಕೆಲವು ವಿದ್ಯಾರ್ಥಿಗಳಲ್ಲಿ ಹುಟ್ಟುತ್ತದೆ. 1957ರ ಅಮೆರಿಕದ ಹುಡುಗರು ಮಾಡಿದ್ದೂ ಇಂಥದೇ ಕೆಲಸ. ಶಿಕ್ಷಕರೂ ಪೋಷಕರೂ ಇದನ್ನು ಕಂಡೊಡನೆ ತಡೆಯಬೇಕು. ಮೋಟರ್ ಸಹಿತವಾದ ಉಡ್ಡಯನಕ್ಕೆ ಸರಿಯಾದ ದಾರಿಯೆಂದರೆ ಪರವಾನಗಿಯುಳ್ಳ ಸಂಸ್ಥೆಗಳು ತಮ್ಮ ಮೇಲ್ವಿಚಾರಣೆಯಲ್ಲಿ ನಡೆಸುವ ಕಾರ್ಯಕ್ರಮಗಳು.

ನೀರಿನ ರಾಕೆಟ್

ಮದ್ದಿಲ್ಲದೆ ಇದೇ ತತ್ತ್ವವನ್ನು ತೋರಿಸುವ ಸಾಧನ ನೀರಿನ ರಾಕೆಟ್. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ನೀರು ತುಂಬಿ, ಬಾಯಿಗೆ ರಬ್ಬರ್ ಬಿರಡೆ ಹಾಗೂ ಸೈಕಲ್ ಟ್ಯೂಬಿನ ವಾಲ್ವ್ ಜೋಡಿಸಿ, ತಲೆಕೆಳಗಾಗಿ ನಿಲ್ಲಿಸಿ ಪಂಪಿನಿಂದ ಗಾಳಿ ತುಂಬಲಾಗುತ್ತದೆ. ಬಿರಡೆ ಕಳಚಿದೊಡನೆ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲಕ್ಕೆ ನೆಗೆಯುತ್ತದೆ. ನೀರಿಲ್ಲದೆ ಬರಿಯ ಗಾಳಿಯಿಂದಲೂ ಒಮ್ಮೆ ಹಾರಿಸಿ ಎತ್ತರ ಹೋಲಿಸಿದರೆ, ಹೊರದೂಡಿದ ದ್ರವ್ಯರಾಶಿಯ ಮಹತ್ತ್ವ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ. ರಟ್ಟಿನ ರೆಕ್ಕೆ ಅಂಟಿಸಿ, ಮುಂತುದಿಗೆ ಜೇಡಿಮಣ್ಣಿನ ತೂಕವಿಟ್ಟು, ದಾರದ ಪರೀಕ್ಷೆಯನ್ನೂ ಇದರ ಮೇಲೆ ಮಾಡಬಹುದು. ಬಾಟಲಿ ಖಾಲಿಯಿರುವಾಗಲೇ ಪರೀಕ್ಷಿಸಬೇಕು. ಗೀರುಬಿದ್ದ ಅಥವಾ ಬಿಸಿಲಿಗೆ ಬಿಳಿಚಿದ ಬಾಟಲಿ ಒತ್ತಡಕ್ಕೆ ಒಡೆಯಬಹುದಾದ್ದರಿಂದ ಅಂಥದನ್ನು ಬಳಸಬಾರದು. ಗಾಳಿ ತುಂಬುವವರು ಉದ್ದನೆಯ ಕೊಳವೆಯ ಪಂಪಿನೊಡನೆ ದೂರ ನಿಂತಿರಬೇಕು; ತುಂಬಿದ ಬಾಟಲಿಯ ಮೇಲೆ ಯಾರೂ ಬಾಗಿ ನೋಡಕೂಡದು.